ಎರಡನೇ ಕಿಟಕಿಯ ಅರ್ಧ ವಾದಗಳು

ಸಾನ್ ಲಿನೊ ವಿಶ್ವವಿದ್ಯಾಲಯದ ಊಟದ ಮನೆಗೆ ಮೂರು ಕಿಟಕಿಗಳು. ಮೊದಲನೆಯದರಲ್ಲಿ ಬ್ರೆಡ್ಡು ಮತ್ತು ಚಮಚ, ಎರಡನೆಯದರಲ್ಲಿ ಸೂಪು, ಮೂರನೆಯದರಲ್ಲಿ ಅನ್ನವೋ ಶ್ಯಾವಿಗೆಯೋ ಅವತ್ತು ಏನು ಬೆಂದಿದೆಯೋ ಅದು. ಎರಡನೇ ಕಿಟಕಿಯ ಹಿಂದೆ ಸೌಟು ಹಿಡಿದು ಹತ್ತೊಂಬತ್ತು ವರ್ಷದಿಂದ ನಿಂತಿದ್ದವಳು ದೋನ್ಯಾ ಕಸಿಲ್ದಾ ಮೊಯ್ಯೊ. ದೋನ್ಯಾ ಎಂದರೆ ಅಲ್ಲಿಯವರ ಬಾಯಲ್ಲಿ ಅಮ್ಮಾವರು.

ಕಿಟಕಿಯನ್ನು ಯಾರೋ ಕುಳ್ಳ ಬಡಗಿಯೊಬ್ಬ ತನ್ನ ಅಳತೆಗೆ ಕೊರೆದಿದ್ದ ಎಂದು ಕಾಣುತ್ತದೆ. ಒಳಗಿನಿಂದ ನೋಡಿದರೆ ಹೊರಗೆ ನಿಂತವರ ಗದ್ದದಿಂದ ಹೊಟ್ಟೆಯವರೆಗೆ ಮಾತ್ರ ತೋರುತ್ತಿತ್ತು. ಹೀಗಾಗಿ ಕಸಿಲ್ದಾ ಆರುನೂರು ವಿದ್ಯಾರ್ಥಿಗಳನ್ನು ಮುಖದಿಂದಲ್ಲ, ಸ್ವೆಟರಿನಿಂದ ಮತ್ತು ದನಿಯಿಂದ ಗುರುತಿಸುತ್ತಿದ್ದಳು. ಹಸಿರು ಸ್ವೆಟರು ಅರ್ಥಶಾಸ್ತ್ರ. ಗೀರು ಗೀರು ಶಾಲು ರಂಗಭೂಮಿ. ಮೊಣಕೈ ಹರಿದ ಕಂದು ಕೋಟು ಸಮಾಜಶಾಸ್ತ್ರ. ಆ ಕೋಟು ಹನ್ನೆರಡು ವರ್ಷದಿಂದ ಅದೇ.

ಅವಳು ಹುಟ್ಟಿದ್ದು ಪಟ್ಟಣದಿಂದ ಮೇಲಕ್ಕೆ ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ದಿಣ್ಣೆಯ ಹಳ್ಳಿಯಲ್ಲಿ. ಶಾಲೆಯ ಮೇಷ್ಟ್ರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಒಂದು ಕಥೆಯನ್ನು ಮಂಗಳವಾರ ಶುರು ಮಾಡಿದರೆ ಅದು ಗುರುವಾರ ಮುಗಿಯಬೇಕು. ಆದರೆ ಗುರುವಾರ ಮಳೆಯೋ ಹಬ್ಬವೋ ಬಂದು ಮೇಷ್ಟ್ರು ಬರುತ್ತಿರಲಿಲ್ಲ. ನಾಲ್ಕನೇ ತರಗತಿಗೆ ಓದು ನಿಂತಿತು. ದೊಡ್ಡ ಶಾಲೆಗೆ ಹೋದವರಿಗೆ ಎಲ್ಲದರ ಕೊನೆಯೂ ಗೊತ್ತಿರುತ್ತದೆ ಎಂಬ ನಂಬಿಕೆ ಮಾತ್ರ ಅವಳಲ್ಲಿ ಗಟ್ಟಿಯಾಗಿ ಕೂತಿತು. ಅದಕ್ಕೇ ವಿಶ್ವವಿದ್ಯಾಲಯದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದ ದಿನ ಅವಳು ತಾನೂ ಸೇರಿಕೊಂಡೆ ಎಂದೇ ಭಾವಿಸಿದ್ದಳು.

ಕಷ್ಟ ಏನೆಂದರೆ, ಸಾಲು ನಿಲ್ಲುವುದಿಲ್ಲ. ಸಾಲಿನಲ್ಲಿ ನಿಂತವರು ಒಂದು ಗಂಟೆಯಿಂದ ಕಾದಾಡುತ್ತಾ ಬಂದಿರುತ್ತಾರೆ. ಕಿಟಕಿಯ ಮುಂದೆ ಇರುವುದು ಒಂದು ಉಸಿರಿನ ಹೊತ್ತು.

"ಆ ರೆಗ್ಗೆಟಾನ್ ಹಾಡೋನು ಮೂಗಲ್ಲಿ ಹಾಡ್ತಾನೆ ಅಂತ ನಗ್ತೀಯಲ್ಲ, ನಿಮ್ಮಪ್ಪ ಕಣ್ಣೀರು ಹಾಕ್ಕೊಂಡು ಕೇಳೋ ಪ್ರೇಮಗೀತೆ ಇದ್ಯಲ್ಲ, ಅದು ಮಾತ್ರ..." ಮುಂದಿನ ತಟ್ಟೆ.

"ಖಾಲಿ ಮತ ಹಾಕೋದೂ ಒಂದು ಅಭಿಪ್ರಾಯಾನೇ ಕಣೇ. ಯಾಕಂದ್ರೆ..." ಮುಂದಿನ ತಟ್ಟೆ.

"ಗೋಡೆ ಮೇಲೆ ಇನ್ನೆಷ್ಟು ವರ್ಷ ಕ್ರಾಂತಿಯ ಮುಷ್ಟಿ ಚಿತ್ರ ಬಿಡಿಸ್ತೀರ್ರೋ? ನಿಮಗೆ ಬೆರಳು ಬಿಡಿಸೋಕೆ ಬರಲ್ಲ ಅಂತ ತಾನೇ..." ಮುಂದಿನ ತಟ್ಟೆ.

ಈ ತುಂಡು ಮಾತುಗಳನ್ನು ಹೊತ್ತುಕೊಂಡು ಅವಳು ಮನೆಗೆ ಹೋಗುತ್ತಿದ್ದಳು. ಗಂಡ ರುಪೆರ್ತೊ ಮಿನಿಬಸ್ ಓಡಿಸುವವನು. ಭಾನುವಾರ ಅವನು ಬಸ್ಸಿನ ಕೆಳಗೆ ಮಲಗಿ ಬೋಲ್ಟು ಬಿಗಿಯುವಾಗ ಅವಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.

"ರೀ, ಖಾಲಿ ಮತ ಹೆಂಗೆ ಅಭಿಪ್ರಾಯ ಆಗುತ್ತೆ?"

"ಯಾರು ಹೇಳಿದ್ದು?"

"ಹಸಿರು ಸ್ವೆಟರು."

"ಹಂಗಾದ್ರೆ ಹಸಿರು ಸ್ವೆಟರನ್ನೇ ಕೇಳು. ಆ ಹದಿಮೂರನೇ ನಂಬರಿನ ಸ್ಪ್ಯಾನರ್ ಕೊಡು."

ಹೀಗೆ ವರ್ಷಗಳು ಕಳೆದವು. ಯಾವಾಗ ಶುರುವಾಯಿತೋ ಅವಳಿಗೇ ಗೊತ್ತಿಲ್ಲ, ಒಳ್ಳೆಯ ವಾದವೊಂದು ಕಿಟಕಿಗೆ ಬಂದರೆ ಅವಳ ಸೌಟು ತಾನಾಗಿ ನಿಲ್ಲತೊಡಗಿತು. ಅದು ಪಾತ್ರೆಯೊಳಗೆ ಇಳಿದು, ಕಿವಿ ಹೊರಗಿದ್ದಷ್ಟು ಹೊತ್ತು ತಳದಲ್ಲೇ ಕೂತಿರುತ್ತಿತ್ತು. ಮಾಂಸದ ತುಂಡುಗಳೂ ಒಣಗಿಸಿದ ಕಪ್ಪು ಆಲೂಗಡ್ಡೆಯೂ ಇರುವುದು ತಳದಲ್ಲಿಯೇ. ವಾಕ್ಯ ಮುಗಿದು ಸೌಟು ಮೇಲೆ ಬಂದಾಗ ಅದರ ತುಂಬಾ ಮಾಂಸ ಇರುತ್ತಿತ್ತು.

ಕಸಿಲ್ದಾ ಇದನ್ನು ಗಮನಿಸಲಿಲ್ಲ. ವಿದ್ಯಾರ್ಥಿಗಳು ಗಮನಿಸಿದರು. ಒಂದೇ ವರ್ಷದಲ್ಲಿ ಅದು ವಿಶ್ವವಿದ್ಯಾಲಯದ ಬರೆಯದ ಕಾನೂನಾಯಿತು. ಹಿರಿಯರು ಹೊಸಬರನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದರು: "ಎರಡನೇ ಕಿಟಕಿಗೆ ಬಾಯಿ ಮುಚ್ಕೊಂಡು ಹೋದ್ರೆ ಬಿಸಿನೀರು. ಅಭಿಪ್ರಾಯ ತಗೊಂಡು ಹೋದ್ರೆ ಮಾಂಸ. ರಾಜಕೀಯ ಆದ್ರೆ ಒಂದು ತುಂಡು, ಕಲೆ ಆದ್ರೆ ಎರಡು."

ಹೆಚ್ಚು ಕಷ್ಟವಾದದ್ದು ಎಂಜಿನಿಯರಿಂಗ್‌ನವರಿಗೆ. ಅವರು ರಂಗಭೂಮಿಯವರಿಂದ ಅಭಿಪ್ರಾಯಗಳನ್ನು ಎರವಲು ತರುತ್ತಿದ್ದರು. ಗಣಿ ವಿಭಾಗದ ಒಬ್ಬ ಅಂಗೈ ಮೇಲೆ ಬರೆದುಕೊಂಡು ಬಂದಿದ್ದ. ಸೂಪಿನ ಹಬೆಗೆ ಶಾಯಿ ಕಲಸಿಹೋಯಿತು.

"ದೋನ್ಯಾ, ಇವತ್ತಿನ ಸಿನಿಮಾದಲ್ಲಿ... ಇವತ್ತಿನ ಸಿನಿಮಾದಲ್ಲಿ..." ಅವನು ಅಂಗೈಯನ್ನು ಬೆಳಕಿಗೆ ಹಿಡಿದ. "ಅಳಿಸಿಹೋಯ್ತು ದೋನ್ಯಾ."

"ಪರವಾಗಿಲ್ಲ ಮಗನೇ, ನಿಧಾನವಾಗಿ ಯೋಚನೆ ಮಾಡು," ಎಂದು ಅವಳು ಕಾದಳು. ಅಷ್ಟು ಹೊತ್ತೂ ಸೌಟು ತಳದಲ್ಲಿತ್ತು. ಅವನಿಗೆ ಆ ವರ್ಷದ ಅತಿ ದೊಡ್ಡ ಮೂಳೆ ಸಿಕ್ಕಿತು. ಆಮೇಲೆ ಎರಡು ವಾರ ಎಂಜಿನಿಯರುಗಳೆಲ್ಲ ಕಿಟಕಿಯ ಮುಂದೆ ಹಣೆ ಹಿಡಿದು ಗಾಢವಾಗಿ ಯೋಚಿಸುತ್ತಾ ನಿಂತರು.

ಕಸಿಲ್ದಾಳಿಗೆ ಎಲ್ಲ ವಾದಗಳಿಗಿಂತ ಹೆಚ್ಚು ಬೇಕಾಗಿದ್ದುದು ಕಂದು ಕೋಟು ಮತ್ತು ಗೀರು ಶಾಲಿನದು. ಕೋಟಿನವನು ನೆಸ್ತೋರ್ ವಿಲ್ಕಾ. ಹನ್ನೆರಡು ವರ್ಷವಾದರೂ ಪದವಿ ಮುಗಿಸದೆ ವಿದ್ಯಾರ್ಥಿ ಸಂಘ ನಡೆಸುವ ಇಂಥವರನ್ನು ಅಲ್ಲಿ ಡೈನೋಸಾರ್ ಎಂದು ಕರೆಯುತ್ತಾರೆ. ಅವನು ಅದನ್ನು ಬಿರುದಿನಂತೆ ಹೊತ್ತಿದ್ದ. ಶಾಲಿನವಳು ಮಿರ್ತಾ, ರಂಗಭೂಮಿಯ ಮೂರನೇ ವರ್ಷ. ಸಾಲಿನಲ್ಲಿ ಇವರು ಯಾವಾಗಲೂ ಒಟ್ಟಿಗೆ ನಿಲ್ಲುತ್ತಿದ್ದರು, ಯಾಕೆಂದರೆ ಬೇರೆ ಯಾರೂ ಅವರ ಪಕ್ಕ ನಿಲ್ಲುತ್ತಿರಲಿಲ್ಲ.

ಪ್ರತಿ ವರ್ಷ ವಿಶ್ವವಿದ್ಯಾಲಯದ ಕುಣಿತದ ಮೆರವಣಿಗೆ ಇರುತ್ತದೆ. ಒಂದೊಂದು ವಿಭಾಗ ಒಂದೊಂದು ಕುಣಿತ ಕಟ್ಟಿಕೊಂಡು ಬೀದಿಗೆ ಇಳಿಯುತ್ತದೆ. ಆ ವರ್ಷ ರಂಗಭೂಮಿಯವರು ಕಪೊರಾಲೆಸ್ ಆರಿಸಿಕೊಂಡಿದ್ದರು. ಅದು ಹಳೆಯ ಕಾಲದ ಮೇಸ್ತ್ರಿಯ ಕುಣಿತ: ಕೈಯಲ್ಲಿ ಚಾಟಿ, ಬೂಟಿಗೆ ಸಾಲು ಗೆಜ್ಜೆ, ಮಿರಿಮಿರಿ ಅಂಗಿ.

"ನಾಚಿಕೆ ಆಗಲ್ವಾ ಮಿರ್ತಾ? ಚಾಟೀಲಿ ಹೊಡೆದೋನ ವೇಷ ಹಾಕ್ಕೊಂಡು ಹೊಡೆಸ್ಕೊಂಡೋರ ಮೊಮ್ಮಕ್ಕಳ ಮುಂದೆ ಕುಣೀತೀಯಾ?"

"ನೀನು ವಾರಕ್ಕೊಂದು ಕೊರಿಯಾದ ಹುಡುಗರ ಹಾಡು ಗುನುಗ್ತೀಯಲ್ಲ, ಅದು ಯಾವ ಕ್ರಾಂತಿನಪ್ಪಾ?"

"ವಿಷಯ ಬದಲಾಯಿಸ್ಬೇಡ."

"ಬದಲಾಯಿಸ್ತಿಲ್ಲ. ಕೇಳು, ಆ ಚಾಟಿ ಹಿಡಿದೋನು ಒಂದ್ಸಲ ಕುಣಿಯೋಕೆ ಶುರು ಮಾಡಿದ ಮೇಲೆ ಅವನು..."

ಮುಂದಿನ ತಟ್ಟೆ.

ಅವನು ಏನು? ಕಸಿಲ್ದಾ ಇದನ್ನು ಮನಸ್ಸಿನಿಂದ ತೆಗೆದುಹಾಕಲಾರದೆ ಹೋದಳು. ಅವಳ ಅಜ್ಜ ಜಮೀನ್ದಾರರ ತೋಟದಲ್ಲಿ ಚಾಟಿ ಏಟು ತಿಂದವನು. ಬೆನ್ನ ಮೇಲಿನ ಬರೆಯನ್ನು ಅವಳೇ ಮುಟ್ಟಿ ನೋಡಿದ್ದಳು. ಆದರೂ ಮೆರವಣಿಗೆಯ ದಿನ ಆ ಗೆಜ್ಜೆ ಬೂಟುಗಳ ಸದ್ದು ಕೇಳಿದರೆ ಅವಳ ಕಾಲು ಸುಮ್ಮನಿರುತ್ತಿರಲಿಲ್ಲ. ಚಪ್ಪಾಳೆ ಹೊಡೆದು, ಆಮೇಲೆ ತಪ್ಪು ಮಾಡಿದವಳಂತೆ ಕೈಗಳನ್ನು ಶಾಲಿನೊಳಗೆ ಅಡಗಿಸುತ್ತಿದ್ದಳು. ಇದು ಸರಿಯೋ ತಪ್ಪೋ? ಕಲಿತವರು ಮಾತು ಶುರು ಮಾಡಿದ್ದಾರೆ, ಕೊನೆಯನ್ನೂ ಹೇಳಿಯೇ ಹೇಳುತ್ತಾರೆ ಎಂದು ಅವಳು ದಿನವೂ ಕಂದು ಕೋಟಿಗಾಗಿ ಕಾದಳು.

ಆಗಲೇ ಊಟದ ಮನೆಗೆ ಹೊಸ ಮುಖ್ಯಸ್ಥ ಬಂದದ್ದು. ಲಿಸೆನ್ಸಿಯಾದೊ ಉರಿಯೋಸ್ತೆ. ಪದವಿ ಇದ್ದವರನ್ನೆಲ್ಲ ಅಲ್ಲಿ ಲಿಸೆನ್ಸಿಯಾದೊ ಎನ್ನುತ್ತಾರೆ. ಇವರು ಮಾತ್ರ ಯಾರಾದರೂ ಬರೀ ಉರಿಯೋಸ್ತೆ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಕ್ರೀಡಾ ವಿಭಾಗದಿಂದ ಒಂದು ಸ್ಟಾಪ್‌ವಾಚ್ ತಂದು ಕುತ್ತಿಗೆಗೆ ಹಾಕಿಕೊಂಡು, ಮೂರು ದಿನ ಅವಳ ಹೆಗಲ ಹಿಂದೆ ನಿಂತರು.

"ದೋನ್ಯಾ ಕಸಿಲ್ದಾ, ಒಂದು ತಟ್ಟೆಗೆ ಒಂಬತ್ತು ಸೆಕೆಂಡು ಸಾಕು. ನೀವು ಇಪ್ಪತ್ತೆರಡು ತಗೋತೀರಿ."

"ಒಂಬತ್ತು ಸೆಕೆಂಡಲ್ಲಿ ಸೂಪು ಹಾಕ್ಬಹುದು ಲಿಸೆನ್ಸಿಯಾದೊ."

"ಮತ್ತೆ ಇನ್ನೇನು ಹಾಕ್ಬೇಕು?"

ಅವಳು ಮುಂದಿನ ತಟ್ಟೆಗೆ ಸೂಪು ಹಾಕಿದಳು.

"ಶುಕ್ರವಾರ ಒಂದೂವರೆ ಒಳಗೆ ಆರುನೂರು ತಟ್ಟೆ ಮುಗೀಬೇಕು. ಇಲ್ಲಾಂದ್ರೆ ನೀವು ಹಿಂದಿನ ಕೋಣೇಲಿ ಆಲೂಗಡ್ಡೆ ಸುಲೀತೀರಿ, ಈ ಕಿಟಕಿಗೆ ಮೂರನೇ ಕಿಟಕಿಯ ನಿನ್ಫಾ ಬರ್ತಾಳೆ." ಹೊರಟವರು ತಿರುಗಿ ಇನ್ನೊಂದು ಮಾತು ಸೇರಿಸಿದರು. "ಒಂದು ಗಂಟೆಗೇ ಮಾಂಸ ಖಾಲಿ ಆಗುತ್ತೆ, ಯಾಕೆ ಗೊತ್ತಾ? ಈ ಮಕ್ಕಳು ನಿಮ್ಮ ಮುಂದೆ ಇಷ್ಟು ಮಾತಾಡೋದು ಮಾಂಸಕ್ಕೆ. ಇಡೀ ಊರಿಗೆ ಗೊತ್ತಿದೆ, ನಿಮಗೊಬ್ರಿಗೇ ಗೊತ್ತಿಲ್ಲ."

ಕಿಟಕಿ ಹೋಗುತ್ತದೆ ಎಂಬುದಕ್ಕಿಂತ ಈ ಮಾತು ಅವಳಿಗೆ ಆಳಕ್ಕೆ ಇಳಿಯಿತು. ಅವತ್ತು ಸಂಜೆ ರುಪೆರ್ತೊನ ಮಿನಿಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಕೂತು, ಮೂರು ಸಲ ಪೂರ್ತಿ ಮಾರ್ಗ ಸುತ್ತಿದಳು, ಇಳಿಯಲೇ ಇಲ್ಲ.

"ಏನಾಯ್ತೇ?" ಎಂದ ಅವನು.

"ಹತ್ತೊಂಬತ್ತು ವರ್ಷ ನಂಗೆ ಹೇಳ್ತಿದ್ದಾರೆ ಅಂದ್ಕೊಂಡಿದ್ದೆ. ಪಾತ್ರೆಗೆ ಹೇಳ್ತಿದ್ರಂತೆ."

ಸುದ್ದಿ ವಿದ್ಯಾರ್ಥಿಗಳಿಗೂ ಮುಟ್ಟಿತು. ನೆಸ್ತೋರ್ ಅಂಗಳದ ಮರದ ಕೆಳಗೆ ಸಭೆ ಕರೆದ. ದೋನ್ಯಾಳ ಕಿಟಕಿ ಉಳಿಸಬೇಕೆಂದರೆ ಶುಕ್ರವಾರ ಎಲ್ಲರೂ ಬಾಯಿ ಮುಚ್ಚಿಕೊಂಡು ಹೋಗಬೇಕು ಎಂಬ ಸರಳ ವಿಷಯ. ಮೌನ ಅನ್ನೋದು ಪ್ರತಿರೋಧವೋ ಶರಣಾಗತಿಯೋ ಎಂದು ಎರಡು ಗಂಟೆ, ಮೌನದಲ್ಲಿ ಕೆಮ್ಮು ಸೇರುತ್ತದೆಯೋ ಇಲ್ಲವೋ ಎಂದು ಮುಕ್ಕಾಲು ಗಂಟೆ ಚರ್ಚೆಯಾಯಿತು. ಕೊನೆಗೆ ಠರಾವು ಪಾಸಾಯಿತು: ಎರಡನೇ ಕಿಟಕಿಯ ಮುಂದೆ ಯಾರೂ, ಯಾವ ಕಾರಣಕ್ಕೂ, ಒಂದು ಶಬ್ದವನ್ನೂ ಆಡತಕ್ಕದ್ದಲ್ಲ.

ಠರಾವನ್ನು ಎಷ್ಟು ಬಿಗಿಯಾಗಿ ಬರೆದಿದ್ದರೆಂದರೆ, ಅದನ್ನು ಕಸಿಲ್ದಾಳಿಗೆ ತಿಳಿಸುವುದಕ್ಕೂ ಅವಕಾಶ ಇರಲಿಲ್ಲ. ಅವಳ ಹತ್ತಿರ ಮಾತಾಡಲು ಇದ್ದದ್ದು ಆ ಕಿಟಕಿಯೊಂದೇ.

ಶುಕ್ರವಾರ ಕಡಲೆಕಾಯಿ ಸೂಪು. ಹನ್ನೊಂದೂವರೆಗೆ ಕಿಟಕಿ ತೆರೆಯಿತು. ಹಸಿರು ಸ್ವೆಟರು ಬಂತು, ತಟ್ಟೆ ಚಾಚಿತು, ಹೋಯಿತು. ನಮಸ್ಕಾರವೂ ಇಲ್ಲ. ಇನ್ನೂರು ತಟ್ಟೆ ಕಳೆಯಿತು, ಮುನ್ನೂರು ಕಳೆಯಿತು. ಬೂಟಿನ ಸದ್ದು, ಚಮಚದ ಸದ್ದು. ಲಿಸೆನ್ಸಿಯಾದೊ ಸ್ಟಾಪ್‌ವಾಚ್ ನೋಡಿ ನೋಡಿ ಅರಳುತ್ತಿದ್ದರು. ಕಸಿಲ್ದಾಳ ಎದೆ ಮಾತ್ರ ಪ್ರತಿ ತಟ್ಟೆಗೂ ಒಂದಿಷ್ಟು ಕುಸಿಯುತ್ತಿತ್ತು. ಗುಟ್ಟು ಬಯಲಾಯಿತು, ಇನ್ನು ಮಾಂಸ ಸಿಗುವುದಿಲ್ಲ, ಅದಕ್ಕೇ ಮಾತೂ ನಿಂತಿತು ಎಂದು ಅವಳು ತಿಳಿದಳು.

ಗಂಟೆ ಒಂದು ಇಪ್ಪತ್ತಾದಾಗ ಇನ್ನು ನಲವತ್ತು ತಟ್ಟೆ ಉಳಿದಿದ್ದವು. ಗೀರು ಶಾಲು ಬಂತು, ಅದರ ಹಿಂದೆ ಕಂದು ಕೋಟು. ಕಸಿಲ್ದಾಳಿಗೆ ತಡೆಯಲಾಗಲಿಲ್ಲ. ಸೊಂಟ ಬಗ್ಗಿಸಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮಗಳೇ, ಅವನು ಕುಣಿಯೋಕೆ ಶುರು ಮಾಡಿದ ಮೇಲೆ ಏನಾಗ್ತಾನೆ? ಅದೊಂದು ಹೇಳ್ಬಿಡು."

ಮಿರ್ತಾ ತುಟಿ ಬಿಗಿದು ಕಣ್ಣಲ್ಲೇ ಬೇಡಿಕೊಂಡಳು. ಹುಬ್ಬು ಹಾರಿಸಿದಳು, ಸ್ಟಾಪ್‌ವಾಚ್ ಕಡೆ ಮೂಗು ತೋರಿಸಿದಳು. ಅವಳ ಮೂರು ವರ್ಷದ ನಟನೆಯ ಓದೆಲ್ಲ ಆ ಮುಖದಲ್ಲಿ ಬಂದು ಹೋಯಿತು. ಕಸಿಲ್ದಾಳಿಗೆ ಏನೂ ಅರ್ಥವಾಗಲಿಲ್ಲ.

ಸುಮ್ಮನಿರಲಾಗದವನು ಠರಾವು ಬರೆದ ನೆಸ್ತೋರನೇ. "ಅವನು ಏನೂ ಆಗಲ್ಲ ದೋನ್ಯಾ, ಮೇಸ್ತ್ರಿ ಮೇಸ್ತ್ರಿನೇ!"

"ನಾನು ಹೇಳಿದ್ದು ಅದಲ್ಲವೋ ಕತ್ತೆ!" ಮಿರ್ತಾ ತಿರುಗಿದಳು.

"ಠರಾವು ಮುರೀತು!" ಹಿಂದಿನಿಂದ ಹಸಿರು ಸ್ವೆಟರು ಕೂಗಿತು, ಅದು ಎರಡನೇ ಸಲದ ಊಟಕ್ಕೆ ಸಾಲಿನಲ್ಲಿ ನುಸುಳಿತ್ತು.

"ನೀನು ಈಗ ಕೂಗಿದ್ದೂ ಮುರಿದಂಗೇ!"

"ಕ್ರಿಯಾಲೋಪ! ಕ್ರಿಯಾಲೋಪ!"

ಕೊನೆಯ ತಟ್ಟೆಗೆ ಸೂಪು ಬಿದ್ದಾಗ ಗಂಟೆ ಒಂದು ಐವತ್ತು.

ಸೋಮವಾರದಿಂದ ಕಸಿಲ್ದಾ ಹಿಂದಿನ ಕೋಣೆಯಲ್ಲಿ. ಒಂದು ಮೋಟು ಸ್ಟೂಲು, ನಲ್ಲಿ, ಗೋಡೆಗೆ ಒರಗಿದ ಮೂಟೆಗಳು. ಎರಡು ದಿನ ಅವಳು ಯಾರ ದನಿಯನ್ನೂ ಕೇಳದೆ ಸುಲಿದಳು. ಮೂಟೆಯ ಮೇಲಿನ ಅಕ್ಷರವನ್ನೆಲ್ಲ ಓದಿ ಮುಗಿಸಿದಳು; ಅದಕ್ಕೆ ಕೊನೆಯಿತ್ತು, ಆದರೆ ಸ್ವಾರಸ್ಯ ಇರಲಿಲ್ಲ.

ಬುಧವಾರ ಬಾಗಿಲು ತೆರೆಯಿತು. ಶುಕ್ರವಾರದ ಗಲಾಟೆಗೆ ದಂಡವಾಗಿ ಎರಡು ಮೂಟೆ ಸುಲಿಯಬೇಕೆಂದು ಲಿಸೆನ್ಸಿಯಾದೊ ಕಳಿಸಿದ್ದ ಇಬ್ಬರು ಒಳಗೆ ಬಂದರು. ಕಸಿಲ್ದಾ ಅವರ ಮುಖಗಳನ್ನು ಹತ್ತಿರದಿಂದ, ಸಾವಕಾಶವಾಗಿ ನೋಡಿದ್ದು ಇದೇ ಮೊದಲು. ನೆಸ್ತೋರನಿಗೆ ಆಗಲೇ ಕೂದಲು ಉದುರುತ್ತಿತ್ತು. ಮಿರ್ತಾಳ ಕೆನ್ನೆಯಲ್ಲಿ ಗುಳಿ. ಕಸಿಲ್ದಾ ಇಬ್ಬರಿಗೂ ಚಾಕು ಕೊಟ್ಟಳು. ಇಲ್ಲಿ ಮಾಂಸ ಇಲ್ಲ, ಇನ್ನು ಮಾತೂ ಇರುವುದಿಲ್ಲ ಎಂದು ತಲೆ ತಗ್ಗಿಸಿ ಕೂತಳು.

ಐದು ಆಲೂಗಡ್ಡೆ ಮುಗಿದಿರಬೇಕು.

"ನೀನು ಸಿಪ್ಪೆ ಜೊತೆ ಅರ್ಧ ಆಲೂಗಡ್ಡೇನೇ ಕೆತ್ತಿ ಎಸೀತಿದ್ದೀಯ," ಎಂದಳು ಮಿರ್ತಾ. "ನಿನ್ನ ವಿಮರ್ಶೆ ಇದ್ದಂಗೇ ಇದೆ."

"ನೀನು ಸಿಪ್ಪೆ ಬಿಟ್ಟೇ ಹಾಕ್ತಿದ್ದೀಯ. ಮೇಲ್ನೋಟ ಚೆನ್ನಾಗಿದ್ರೆ ಆಯ್ತು ನಿಂಗೆ, ಮಿರಿಮಿರಿ ಅಂಗಿ ಹಾಕ್ಕೊಂಡು..."

ಶುರುವಾಯಿತು. ಕಸಿಲ್ದಾ ಉಸಿರು ಬಿಗಿಹಿಡಿದಳು. ಇಲ್ಲಿ ಮುಂದಿನ ತಟ್ಟೆ ಇಲ್ಲ. ವಾದ ಮೇಸ್ತ್ರಿಯಿಂದ ಹೊರಟು ಕೊರಿಯಾದ ಹುಡುಗರ ಹತ್ತಿರ ಹೋಯಿತು, ಅಲ್ಲಿಂದ ಖಾಲಿ ಮತಕ್ಕೆ, ಅಲ್ಲಿಂದ ಗೋಡೆಯ ಮುಷ್ಟಿಗೆ, ಮುಷ್ಟಿಯಿಂದ ಮತ್ತೆ ಮೇಸ್ತ್ರಿಗೆ. ಮೊದಲ ಮೂಟೆ ಮುಗಿಯಿತು. ಎರಡನೇ ಮೂಟೆಯ ನಡುವಿಗೆ ಬರುವಷ್ಟರಲ್ಲಿ ಕುಣಿಯಲೇಬೇಕು ಎಂದು ನೆಸ್ತೋರ್ ಕೂಗುತ್ತಿದ್ದ, ಅದು ಅವಮಾನ ಎಂದು ಮಿರ್ತಾ ಚಾಕು ಆಡಿಸುತ್ತಿದ್ದಳು. ಪಕ್ಷ ಅದಲುಬದಲಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕೊನೆಯ ಆಲೂಗಡ್ಡೆ ಬಕೆಟ್ಟಿಗೆ ಬಿತ್ತು. ಇಬ್ಬರೂ ಎದ್ದು ಕೈ ಒರೆಸಿಕೊಂಡರು.

"ಇರಿ," ಎಂದಳು ಕಸಿಲ್ದಾ. "ಕೊನೆ?"

"ಯಾವ ಕೊನೆ ದೋನ್ಯಾ?"

"ಈ ಮಾತಿಗೆ. ಕೊನೆಗೆ ಏನು ಅಂತ ಆಯ್ತು?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಕೊನೆ ಏನೂ ಇಲ್ವಲ್ಲ," ಎಂದಳು ಮಿರ್ತಾ. "ನಾಳೆ ಮತ್ತೆ ಮಾಡ್ತೀವಿ."

ಕಸಿಲ್ದಾ ಅವರನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಯ್ಯೋ ನನ್ನ ಮಕ್ಕಳಾ! ಹತ್ತೊಂಬತ್ತು ವರ್ಷ ನನ್ನ ಸೌಟೇ ನಿಮ್ಮ ಮಾತು ಕತ್ತರಿಸ್ತಿದೆ ಅಂದ್ಕೊಂಡಿದ್ನಲ್ಲ! ಕೊನೆ ನಿಮ್ಮ ಹತ್ರ ಇರ್ಲೇ ಇಲ್ವಾ?" ನಗು ಇಳಿದ ಮೇಲೆ ಕೇಳಿದಳು: "ಮತ್ತೆ ಇಲ್ಲಿ ಮಾಂಸಾನೂ ಇಲ್ಲ. ಯಾಕೆ ಮಾತಾಡಿದ್ರಿ?"

ನೆಸ್ತೋರನ ಮುಖ ಕೆಂಪಾಯಿತು. "ಮಾಂಸಕ್ಕೆ ಮಾತಾಡೋದು ಮೊದಲನೇ ವರ್ಷದೋರು ದೋನ್ಯಾ. ನಮಗೆ ಇದು ಚಟ. ಶುಕ್ರವಾರ ನಾವು ಸುಮ್ನಿದ್ದಿದ್ದು ನಿಮ್ಮ ಕಿಟಕಿ ಉಳಿಸೋಕೆ. ಠರಾವು ಮಾಡಿದ್ವಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಠರಾವಲ್ಲಿ ಹೇಳ್ಬಾರ್ದು ಅಂತಿತ್ತು."

"ಬರೆದೋರ್ಯಾರು ಕೇಳಿ ದೋನ್ಯಾ," ಎಂದಳು ಮಿರ್ತಾ.

ಕಸಿಲ್ದಾಳಿಗೆ ಎದೆ ಹಗುರಾಯಿತು. ಕೈಯಲ್ಲಿ ಸೌಟಿಲ್ಲ, ಎದುರಿಗೆ ಸಾಲಿಲ್ಲ. ಅವಳು ತನ್ನ ಅಜ್ಜನ ಬೆನ್ನಿನ ಬರೆಯ ವಿಷಯ ಹೇಳಿದಳು. ಹಳ್ಳಿಯ ಹಬ್ಬಕ್ಕೆ ಮೊದಲ ಸಲ ಆ ಗೆಜ್ಜೆ ಬೂಟಿನವರು ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅಜ್ಜನೇ. ನಾಚಿಕೆ ಆಗಲ್ವಾ ಎಂದು ಅಜ್ಜಿ ಬೈದಿದ್ದಳಂತೆ.

"ಅಜ್ಜ ಏನಂದ ಗೊತ್ತಾ? 'ಆವಾಗ ನಾನು ಬೆವರು ಸುರಿಸ್ತಿದ್ದೆ, ಚಾಟಿಯೋನು ನಿಂತು ನೋಡ್ತಿದ್ದ. ಈಗ ನೋಡು, ಚಾಟಿಯೋನು ಬೆವರು ಸುರಿಸ್ತಾನೆ, ನಾನು ಕೂತ್ಕೊಂಡು ಕಡಲೆಕಾಯಿ ತಿಂತೀನಿ.' ಅಷ್ಟೇ ಅಂದಿದ್ದು. ಓದಿಲ್ಲದೋನ ಮಾತು, ಕಲಿತೋರು ಇದಕ್ಕಿಂತ ಒಳ್ಳೇದು ಹೇಳ್ತಾರೆ ಅಂತ ನಾನು ಇಷ್ಟು ದಿನ ಕಾಯ್ತಿದ್ದೆ."

ನೆಸ್ತೋರ್ ಕೋಟಿನ ಜೇಬಿನಲ್ಲಿ ಪೆನ್ನು ಹುಡುಕಿದ.

"ದೋನ್ಯಾ, ಇದನ್ನ ನನ್ನ ಪ್ರಬಂಧದಲ್ಲಿ ಹಾಕ್ಕೋಬಹುದಾ?" ಎಂದ ನೆಸ್ತೋರ್.

"ನಿನ್ನ ಪ್ರಬಂಧ ಅಂತ ಒಂದು ಇದ್ಯಾ?" ಎಂದಳು ಮಿರ್ತಾ.

"ಶುರು ಮಾಡಿದ್ದೀನಿ."

ಅಷ್ಟರಲ್ಲಿ ಲಿಸೆನ್ಸಿಯಾದೊ ಬಾಗಿಲಲ್ಲಿ ನಿಂತಿದ್ದರು. ಸ್ಟಾಪ್‌ವಾಚ್ ಬೆವರಿನಲ್ಲಿ ಅಂಗಿಗೆ ಅಂಟಿತ್ತು. ನಿನ್ಫಾ ಆರು ಸೆಕೆಂಡಿಗೆ ಒಂದು ಸೌಟು ಹಾಕುತ್ತಾಳೆ, ಸರಿ. ಆದರೆ ಪ್ರತಿಯೊಬ್ಬನೂ ಅಲ್ಲೇ ನಿಂತು, ಕೆಳಗಿಂದ ಹಾಕು, ಇನ್ನೂ ಕೆಳಗಿಂದ ಹಾಕು ಎಂದು ಅವಳ ಜೊತೆ ಜಗಳಕ್ಕೆ ಬೀಳುತ್ತಾನೆ. ಈಗ ತಟ್ಟೆಗೆ ಮೂವತ್ತೊಂದು ಸೆಕೆಂಡು. ನಿನ್ಫಾ ಸೌಟು ಎಸೆದು ಮೂರನೇ ಕಿಟಕಿಗೆ ಹೋಗಿಬಿಟ್ಟಿದ್ದಾಳೆ.

"ದೋನ್ಯಾ, ನೀವು ವಾಪಸ್ ಬನ್ನಿ. ಆದ್ರೆ ಒಂಬತ್ತು ಸೆಕೆಂಡು."

"ಏಳು ಸಾಕು," ಎಂದಳು ಕಸಿಲ್ದಾ. "ಆದ್ರೆ ಬುಧವಾರ ಬೆಳಿಗ್ಗೆ ಆಲೂಗಡ್ಡೆ ನಾನೇ ಸುಲೀತೀನಿ. ದಂಡ ಬಿದ್ದೋರು ನನ್ನ ಜೊತೆ ಕೂರ್ಬೇಕು."

ಮಾರನೆಯ ದಿನ ಕಿಟಕಿಗೆ ನಿಂತವಳು ಪ್ರತಿ ಸೌಟಿಗೂ ಮೊದಲು ಪಾತ್ರೆಯನ್ನು ತಳದಿಂದ ಒಮ್ಮೆ ತಿರುವಿದಳು. ಎಲ್ಲರಿಗೂ ಒಂದೊಂದು ತುಂಡು ಬಂತು, ಬಾಯಿ ತೆರೆದವರಿಗೂ ತೆರೆಯದವರಿಗೂ. ಹಳದಿ ಸ್ವೆಟರಿನ ಹೊಸ ಹುಡುಗಿಯೊಬ್ಬಳು, ದನಿ ಕೇಳಿದರೆ ಮೊದಲ ವರ್ಷ, ತಟ್ಟೆ ಚಾಚಿ ಒಂದೇ ಉಸಿರಿನಲ್ಲಿ ಹೇಳಿದಳು: "ದೋನ್ಯಾ ನನ್ನ ಪ್ರಕಾರ ಜನಪ್ರಿಯ ಸಂಗೀತ ಅನ್ನೋದು ಒಂದು ಕಡೆ ವ್ಯಾಪಾರ ಹೌದು ಆದರೆ ಇನ್ನೊಂದು ಕಡೆ..."

ಸೂಪು ಆಗಲೇ ತಟ್ಟೆಯಲ್ಲಿತ್ತು, ಮಾಂಸವೂ.

"ಅಯ್ಯೋ, ಪೂರ್ತಿ ಕೇಳಿ ದೋನ್ಯಾ! ಇಡೀ ವಾರ ಬಾಯಿಪಾಠ ಮಾಡಿದ್ದೀನಿ."

"ಬೇರೆಯೋರು ಹೇಳ್ಕೊಟ್ಟಿದ್ದಾ, ನಿಂದೇನಾ?"

ಹಳದಿ ಸ್ವೆಟರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಿತು. "ಹೇಳ್ಕೊಟ್ಟಿದ್ದು."

"ಹಂಗಾದ್ರೆ ಈಗ ಉಣ್ಣು. ನಿಂದು ಅಂತ ಒಂದು ಹುಟ್ಟಿದ ಮೇಲೆ ಬುಧವಾರ ಚಾಕು ತಗೊಂಡು ಹಿಂದಿನ ಕೋಣೆಗೆ ಬಾ," ಎಂದಳು ಕಸಿಲ್ದಾ. "ಅರ್ಧ ಇದ್ರೂ ಪರವಾಗಿಲ್ಲ. ಮುಂದೆ ನಡಿ, ಮುಂದೆ!"